ತಾಮ್ರದ ಪಾತ್ರೆ ಇದ್ರೆ ಹಾಬಿ, ಮಡಕೆ ಇದ್ರೆ ಕೇಸು

(1/3)
ಮನೇಲಿ ಬಿಯರ್ ಮಾಡೋ ಅಣ್ಣಂದಿರ ರೀಲ್ಸ್ ಈಗ ಹೊಸ ದಾರಿ ಹಿಡಿದಿವೆ. "ಬಿಯರ್ ಬಂತಾ? ವಿಸ್ಕಿಗೆ ಇನ್ನೊಂದೇ ಹೆಜ್ಜೆ." ಹಿಂದೆ ಫಳಫಳ ಹೊಳೆಯೋ ತಾಮ್ರದ ಪಾತ್ರೆ. ಕೆಳಗೆ ನಮ್ಮ ಹುಡುಗರ ಕಾಮೆಂಟು: "ಬೆಂಗಳೂರಲ್ಲಿ ಸೆಟಪ್ ಎಲ್ಲಿ ಸಿಗುತ್ತೆ ಗುರು?"

ಆ ಹೆಜ್ಜೆ ನ್ಯೂಜಿಲೆಂಡಿನಲ್ಲಿ ಇಡಬಹುದು. ಅಲ್ಲಿ 1996ರಿಂದ ಸ್ವಂತ ಬಳಕೆಗೆ ಬಟ್ಟಿ ಇಳಿಸೋಕೆ ಅಡ್ಡಿಯಿಲ್ಲ, ಮಾರೋ ಹಾಗಿಲ್ಲ ಅಷ್ಟೆ. ಅಮೆರಿಕ ಕೂಡ 1978ರಲ್ಲಿ ಮನೆ ಬಿಯರಿಗೆ ವಿನಾಯಿತಿ ಕೊಟ್ಟಿತು, ಸ್ಪಿರಿಟ್‌ಗೆ ಕೊಡಲಿಲ್ಲ. ನಮ್ಮಲ್ಲಿ? 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರನ್ನೂ ಮಾಡೋ ಹಾಗಿಲ್ಲ.

(2/3)
ನನ್ನ ಸಿಟ್ಟು ಬೇರೇದರ ಮೇಲೆ.

ಹೊಲದಂಚಲ್ಲಿ ಬೆಲ್ಲ ಕೊಳೆಹಾಕಿ, ಮಡಕೆ ಮೇಲೆ ಮಡಕೆ ಇಟ್ಟು ಇಳಿಸಿದ ಹೆಂಗಸಿಗೆ ಪೇಪರಲ್ಲಿ ಸಿಗೋದು "ಕಳ್ಳಬಟ್ಟಿ ಅಡ್ಡೆ ಮೇಲೆ ದಾಳಿ, ಬೆಲ್ಲದ ಕೊಳೆ ನಾಶ". ಅಪಾರ್ಟ್‌ಮೆಂಟ್ ಬಾಲ್ಕನೀಲಿ ಅದನ್ನೇ ಮಾಡಿದವನಿಗೆ ಸಿಗೋದು ಫೈರ್ ಇಮೋಜಿ. ಅವಳ ಕೊಳೆ ಇವನ ಬಾಯಲ್ಲಿ "ವಾಶ್". ಎರಡರಲ್ಲೂ ಯೀಸ್ಟ್ ಸಕ್ಕರೆ ತಿನ್ನುತ್ತೆ, ಕಾಯಿಸಿದ್ರೆ ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುತ್ತೆ, ತಣಿಸಿದ್ರೆ ಸಾರಾಯಿ. ಎಲ್ಲಿದೆ ಸ್ವಾಮಿ ವ್ಯತ್ಯಾಸ?

ಪಕ್ಕದ ಗೋವಾದಲ್ಲಿ ಗೇರುಹಣ್ಣಿನ ಬಟ್ಟಿಗೆ ಲೈಸೆನ್ಸ್ ಇದೆ, ಫೆನಿಗೆ 2009ರಲ್ಲಿ ಜಿಐ ಟ್ಯಾಗೂ ಬಂತು. ನಮ್ಮಲ್ಲಿ 2007ರಲ್ಲಿ ಸಾರಾಯಿ ನಿಷೇಧ ಆಯ್ತು, ವಿಸ್ಕಿ ಅಂಗಡಿ ತೆರೆದೇ ಇದೆ. (ಬಿಕಾಂ ಓದ್ತಿರೋದ್ರಿಂದ ಇದೊಂದು ಕಣ್ಣಿಗೆ ಬೀಳುತ್ತೆ: ಕುಡಿಯೋ ಮದ್ಯ ಜಿಎಸ್‌ಟಿಯಿಂದ ಹೊರಗಿದೆ, ಅಬಕಾರಿ ಸುಂಕ ನೇರ ರಾಜ್ಯದ ಖಜಾನೆಗೆ.)

(3/3)
"ಒಂದೇ ಹೆಜ್ಜೆ" ಅನ್ನೋದೂ ಸುಳ್ಳು. ಬಿಯರ್ ಕೆಟ್ರೆ ಹುಳಿಯಾಗುತ್ತೆ, ಚೆಲ್ತೀರ. ಬಟ್ಟೀಲಿ ಆವಿ ಸೋರಿದ್ರೆ ಪಕ್ಕದಲ್ಲೇ ಗ್ಯಾಸ್ ಒಲೆ. ಬಾಡಿಗೆ ಮನೆ ಅಡುಗೆಕೋಣೆ ನೆನಪಿಸಿಕೊಳ್ಳಿ.

ಇನ್ನು ಮೆಥನಾಲ್. "ಮೊದಲ ಹನಿ ಚೆಲ್ಲಿದ್ರೆ ವಿಷ ಹೋಯ್ತು" ಅಂತ ರೀಲ್‌ನಲ್ಲಿ ಹೇಳ್ತಾರೆ. 64.7 ಡಿಗ್ರೀಲಿ ಕುದಿಯುತ್ತೆ ಅಂತ ಅದು ಕ್ಯೂ ನಿಂತು ಮೊದಲೇ ಹೊರಗೆ ಬರಲ್ಲ, ಕೊನೇವರೆಗೂ ಸ್ವಲ್ಪಸ್ವಲ್ಪ ಬರ್ತಾನೇ ಇರುತ್ತೆ. ಬೆಲ್ಲ, ಧಾನ್ಯದ ಕೊಳೇಲಿ ಅದು ಇರೋದೇ ತೀರ ಕಡಿಮೆ, ಹಣ್ಣಿನದ್ದರಲ್ಲಿ ಜಾಸ್ತಿ. 1981ರಲ್ಲಿ ಬೆಂಗಳೂರಲ್ಲಿ ಸುಮಾರು 300 ಜನ ಸತ್ತಿದ್ದು ಮೀಥೈಲ್ ಆಲ್ಕೋಹಾಲ್ ಬೆರೆಸಿದ್ದನ್ನ ಕುಡಿದು. ಬೆರೆಸಿದವರ ಪಾಪಾನ ಮಡಕೆ ಇಟ್ಟವಳ ತಲೆಗೆ ಕಟ್ಟೋದು ಸುಲಭ, ಅಷ್ಟೆ.

ಹಾಬಿ ಬೇಕಾ? ಕಾನೂನು ಬದಲಾಗ್ಲಿ ಅಂತ ಕೇಳಿ. ಸಣ್ಣ ಲೈಸೆನ್ಸು, ಮಾಲಿಗೆ ಲ್ಯಾಬ್ ಪರೀಕ್ಷೆ, ಕೈಗೆಟಕೋ ಫೀಸು. ಆ ಅರ್ಜೀಲಿ ಅವಳ ಹೆಸರೂ ಇರ್ಲಿ. ಬರೀ ನಿಮ್ಮ ಬಾಲ್ಕನಿಗೆ ಕೇಳೋದಾದ್ರೆ ನನ್ನ ಸಹಿ ಇಲ್ಲ.

ಸೆಟಪ್ ಲಿಂಕ್‌ಗೆ ಡಿಎಂ ಮಾಡ್ಬೇಡಿ. "ನಿಂಗೆ ಇನ್ನೂ ಇಪ್ಪತ್ತು, ಇದೆಲ್ಲ ಯಾಕೆ" ಅಂತಾನೂ ಬೇಡ, ಅಮ್ಮ ಆಗ್ಲೇ ಕೇಳಿದ್ದಾಳೆ.

#ಕಳ್ಳಬಟ್ಟಿ #ಹೋಮ್‌ಬ್ರೂ #ಕನ್ನಡದಲ್ಲಿ