ಹಳೆಯ ಕಾರು, ಅಸಲಿ ಬಿಡಿಭಾಗ ಮತ್ತು ನಮ್ಮ ಸಣ್ಣ ಕೈಗಾರಿಕೆ

ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ಕಾರಿನ ತಯಾರಿಕೆಯನ್ನು 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. 2017ರಲ್ಲಿ ಆ ಕಾರಿನ ಹೆಸರನ್ನು ಫ್ರಾನ್ಸಿನ ಪೇಜೋ ಸಮೂಹವು 80 ಕೋಟಿ ರೂಪಾಯಿಗಳಿಗೆ ಖರೀದಿಸಿತು. ಬರಿಯ ಹೆಸರಿಗೆ ಇಷ್ಟು ಬೆಲೆ ದೊರೆತುದು ಆಗ ದೊಡ್ಡ ಸುದ್ದಿಯಾಯಿತು. ಆದರೆ ಅದೇ ಕಾರಿಗೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಬಾಗಿಲ ಹಿಡಿಕೆ, ದೀಪದ ಬಳೆ, ರಬ್ಬರ್ ಪಟ್ಟಿ, ನೀರಿನ ಪಂಪುಗಳನ್ನು ಒದಗಿಸುತ್ತ ಬಂದ ಸಣ್ಣ ಘಟಕಗಳ ಅಚ್ಚುಗಳೂ ನಕ್ಷೆಗಳೂ ಏನಾದವು ಎಂದು ವಿಚಾರಿಸಿದವರು ವಿರಳ. ಈ ಲೇಖನದ ವಿಷಯ ಆ ಅಚ್ಚುಗಳೇ.

ಹಳೆಯ ಕಾರುಗಳ ಪುನರುಜ್ಜೀವನವೆಂದರೆ ರಾಜಮನೆತನದವರ ಮತ್ತು ಸಿರಿವಂತರ ಹವ್ಯಾಸವೆಂಬ ಭಾವನೆ ನಮ್ಮ ಉದ್ಯಮಿಗಳಲ್ಲಿ ಬಲವಾಗಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡಿ ಮೆಚ್ಚುವವರು, ಅವು ಚಾಲನೆಯ ಸ್ಥಿತಿಯಲ್ಲಿರಲು ಎಷ್ಟು ಕೈಗಳ ಕುಶಲತೆ ಬೇಕಾಯಿತೆಂದು ಲೆಕ್ಕ ಹಾಕುವುದಿಲ್ಲ. ಎರಕದವರು, ಲೇತ್ ಕೆಲಸದವರು, ತಗಡು ಬಡಿಯುವವರು, ಕ್ರೋಮಿಯಂ ಲೇಪನದವರು, ಬಡಗಿಗಳು, ಸೀಟು ಹೊಲಿಯುವವರು ಎಲ್ಲರೂ ಇದರಲ್ಲಿ ಪಾಲುಗೊಳ್ಳುತ್ತಾರೆ. ಯುದ್ಧಪೂರ್ವದ ಎಷ್ಟೋ ಕಾರುಗಳು ಕೇವಲ ಚಾಸಿಸ್ ಹಾಗೂ ಎಂಜಿನ್ ಆಗಿ ಬಂದರಿಗೆ ಇಳಿದು, ಮದರಾಸಿನ ಸಿಂಪ್ಸನ್‌ನಂತಹ ಸಂಸ್ಥೆಗಳಲ್ಲಿ ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿಕೊಂಡವು. ಅಂಥ ಕಾರಿನ ಮೈಯನ್ನು ದುರಸ್ತಿ ಮಾಡಲು ಅದನ್ನು ಕಟ್ಟಿದವನಿಗಿದ್ದ ವಿದ್ಯೆಯೇ ಬೇಕು.

ಅಸಲಿ ಬಿಡಿಭಾಗವನ್ನು ಹುಡುಕುವ ಕೆಲಸ ಸುಲಭವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್ ಇವು ಹವ್ಯಾಸಿಗಳ ಯಾತ್ರಾಸ್ಥಳಗಳು. ಅಂಗಡಿಯ ಅಟ್ಟದ ಮೇಲೆ ಮೇಣದ ಕಾಗದ ಸುತ್ತಿದ ಹಾಗೆಯೇ ಉಳಿದುಬಿಟ್ಟ ಹಳೆಯ ಸರಕು ದೊರೆತರೆ ಪುಣ್ಯ. ದೊರೆತುದು ಹೊಂದುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಬ್ರಿಟನ್ನಿನ ಮಾರಿಸ್ ಕಾರುಗಳ ಎಂಜಿನ್‌ಗಳು ಇದಕ್ಕೆ ಸೊಗಸಾದ ನಿದರ್ಶನ. 1923ರಲ್ಲಿ ಮಾರಿಸ್ ಸಂಸ್ಥೆಯು ಕೊವೆಂಟ್ರಿಯಲ್ಲಿದ್ದ ಫ್ರೆಂಚ್ ಮೂಲದ ಹಾಚ್‌ಕಿಸ್ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳು ಮೆಟ್ರಿಕ್ ಮರೆಗಳನ್ನು ಕೊರೆಯುವಂಥವು. ಇಂಗ್ಲೆಂಡಿನ ಮೆಕ್ಯಾನಿಕ್‌ಗಳ ಕೈಯಲ್ಲಿದ್ದುದೋ ವಿಟ್‌ವರ್ತ್ ಸ್ಪ್ಯಾನರ್. ಆದ್ದರಿಂದ ಬೋಲ್ಟಿನ ಮರೆ ಮೆಟ್ರಿಕ್, ತಲೆ ವಿಟ್‌ವರ್ತ್ ಎಂಬ ವಿಚಿತ್ರ ಏರ್ಪಾಡು 1950ರ ದಶಕದವರೆಗೂ ಸಾಗಿತು. ಇದನ್ನರಿಯದೆ ಸ್ಪ್ಯಾನರ್ ಕುಳಿತಿತೆಂದು ಬೇರೆ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಎಂಜಿನ್ನಿನ ಮರೆಯೇ ಹಾಳು. ಇಂಥ ತಿಳಿವಳಿಕೆ ಯಾವ ತರಬೇತಿ ಸಂಸ್ಥೆಯ ಪಠ್ಯದಲ್ಲಿಯೂ ಸಿಗದು. ಹಿರಿಯ ಮೆಕ್ಯಾನಿಕ್‌ಗಳ ನೆನಪಿನಲ್ಲಿದೆ, ಮತ್ತು ಅವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ.

ಕೆಲವೊಮ್ಮೆ ಬಿಡಿಭಾಗ ಅನಿರೀಕ್ಷಿತ ಕಡೆಯಿಂದ ಒದಗುವುದೂ ಉಂಟು. 1959ರಿಂದ ಅಂಬಾಸಡರ್‌ಗೆ ಅಳವಡಿಸಿದ 1489 ಸಿ.ಸಿ. ಎಂಜಿನ್, ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ಬಿ ಶ್ರೇಣಿಗೆ ಸೇರಿದ್ದು. ಅದೇ ಶ್ರೇಣಿಯ ಎಂಜಿನ್‌ಗಳು ಎಂ.ಜಿ. ಸ್ಪೋರ್ಟ್ಸ್ ಕಾರುಗಳಲ್ಲಿಯೂ ಇದ್ದವು. ನಮ್ಮ ಟ್ಯಾಕ್ಸಿ ನಿಲ್ದಾಣಗಳ ಕಾರಿಗೂ ಅಲ್ಲಿನ ಸ್ಪೋರ್ಟ್ಸ್ ಕಾರಿಗೂ ಹೃದಯದ ನೆಂಟಸ್ತಿಕೆ! ಎಂ.ಜಿ. ಅಭಿಮಾನಿಗಳಿಗಾಗಿ ಅಲ್ಲಿ ಇಂದಿಗೂ ಬಿಡಿಭಾಗಗಳು ತಯಾರಾಗುತ್ತಿವೆ. ನಮ್ಮ ಉದ್ಯಮಿಗಳು ಗಮನಿಸಬೇಕಾದುದು ಇಲ್ಲಿಯೇ: ಆ ಮಾರುಕಟ್ಟೆ ಅವರಿಗೆ ಮಾತ್ರ ಮೀಸಲಾದುದಲ್ಲ.

1975ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆಯು ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಅಂಗಸಂಸ್ಥೆಯನ್ನು ಸ್ಥಾಪಿಸಿತು. ಹಳೆಯ ಮಾದರಿಗಳ ಮೂಲ ಪ್ರೆಸ್ ಅಚ್ಚುಗಳನ್ನು ಕಲೆಹಾಕಿ, 1988ರ ಹೊತ್ತಿಗೆ ಅದು ಎಂ.ಜಿ.ಬಿ. ಕಾರಿನ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರತೊಡಗಿತು. ತಯಾರಿಕೆ ನಿಂತು ಎಂಟು ವರ್ಷಗಳಾಗಿದ್ದ ಕಾರದು. ಅಚ್ಚುಗಳನ್ನು ಕಬ್ಬಿಣದ ತೂಕಕ್ಕೆ ಮಾರಿದ್ದರೆ ಒಮ್ಮೆ ಮಾತ್ರ ಹಣ ಬರುತ್ತಿತ್ತು. ನಮ್ಮಲ್ಲಿ ಘಟಕವೊಂದು ಮುಚ್ಚಿದಾಗ ಜಾಗಕ್ಕೆ ಬೆಲೆ ಕಟ್ಟುತ್ತೇವೆ, ಯಂತ್ರಗಳಿಗೆ ಬೆಲೆ ಕಟ್ಟುತ್ತೇವೆ. ಅಚ್ಚುಗಳು ತೂಕದ ಲೆಕ್ಕದಲ್ಲಿ ಲಾರಿ ಏರುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಮೇಲಿನ ಅಭಿಮಾನ ಇನ್ನೂ ಕುಂದಿಲ್ಲ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಜಾವಾ ದಿನದಂದು ಅವು ಮೆರವಣಿಗೆ ಹೊರಡುತ್ತವೆ. ಅವುಗಳ ಒಂದೊಂದು ಸೈಲೆನ್ಸರ್‌ಗಾಗಿ ಮಾಲೀಕರು ಪಡುವ ಪಾಡನ್ನು ಕಂಡವರಿಗೆ ಬೇಡಿಕೆಯ ಬಗ್ಗೆ ಬೇರೆ ಸಮೀಕ್ಷೆ ಬೇಕಿಲ್ಲ.

ಹಾಗಾದರೆ ತಯಾರಿಕೆ ಸುಲಭವೇ? ಅಲ್ಲ. ಸವೆದ ಭಾಗವನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಬರುವ ಹೊಸ ಭಾಗ ಚಿಕ್ಕದಾಗಿರುತ್ತದೆ. ಲೋಹ ತಣಿಯುವಾಗ ಬೀಡುಕಬ್ಬಿಣ ಸುಮಾರು ಶೇ. 1ರಷ್ಟು, ಅಲ್ಯೂಮಿನಿಯಂ ಅದಕ್ಕಿಂತ ತುಸು ಹೆಚ್ಚಾಗಿ ಕುಗ್ಗುತ್ತದೆ. ಸವೆತವನ್ನೂ ಕುಗ್ಗುವಿಕೆಯನ್ನೂ ಲೆಕ್ಕಹಾಕಿ ಮಾದರಿಯನ್ನು ಕೆತ್ತಬೇಕು. ಹಳೆಯ ಹಿಡಿಕೆ, ಲಾಂಛನಗಳು ಬಹುಮಟ್ಟಿಗೆ ಸತುವಿನ ಮಿಶ್ರಲೋಹದವು. ಸೀಸದಂತಹ ಕಲಬೆರಕೆ ಸೇರಿದ್ದ ಎರಕಗಳು ಕಾಲಾಂತರದಲ್ಲಿ ಒಳಗಿನಿಂದಲೇ ಬಿರಿದು ಪುಡಿಯಾಗುತ್ತವೆ, ಮೇಲೆ ಎಷ್ಟು ಕ್ರೋಮಿಯಂ ಬಳಿದರೂ ನಿಲ್ಲದು. ಅಂಥವನ್ನು ಹಿತ್ತಾಳೆಯಲ್ಲಿ ಹೊಸದಾಗಿ ಎರಕ ಹೊಯ್ಯುವುದೇ ಲೇಸು. ಬೆಳಗಾವಿಯ ಎರಕಶಾಲೆಗಳಿಗೂ ಪೀಣ್ಯದ ಯಂತ್ರಾಗಾರಗಳಿಗೂ ಇದು ಅರಿಯದ ವಿದ್ಯೆಯಲ್ಲ. ಅಡ್ಡಿಯಾಗಿರುವುದು ಸಂಖ್ಯೆ. ಸಾವಿರದ ಲೆಕ್ಕದಲ್ಲಿ ಆದೇಶ ಬಂದರೆ ಮಾತ್ರ ಯಂತ್ರ ತಿರುಗಿಸುವ ನಾವು, ಐವತ್ತು ಭಾಗಗಳಿಗಾಗಿ ಬಂದವನನ್ನು ಬಾಗಿಲಿನಿಂದಲೇ ಕಳುಹಿಸುತ್ತೇವೆ. ಮೂರು ಆಯಾಮದ ಸ್ಕ್ಯಾನಿಂಗ್ ಮತ್ತು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಕೈಗೆಟುಕಿರುವ ಈ ಕಾಲದಲ್ಲಿ ಐವತ್ತರ ಆದೇಶವನ್ನು ಲಾಭದಾಯಕವಾಗಿಸುವುದು ಅಸಾಧ್ಯವಲ್ಲ. ದರ ನಿಗದಿಯ ಕ್ರಮವನ್ನು ಮಾತ್ರ ಬದಲಿಸಬೇಕು.

ಇಂಧನವೂ ಈಗ ಬೇಡಿಕೆಯನ್ನು ಹೆಚ್ಚಿಸುತ್ತಿದೆ. 2000ದಲ್ಲಿ ಸೀಸಯುಕ್ತ ಪೆಟ್ರೋಲ್ ದೇಶದಿಂದ ಮರೆಯಾದಾಗ ಹಳೆಯ ಬೀಡುಕಬ್ಬಿಣದ ಸಿಲಿಂಡರ್ ಹೆಡ್‌ಗಳಿಗೆ ಗಟ್ಟಿಯಾದ ವಾಲ್ವ್ ಸೀಟುಗಳನ್ನು ಕೂರಿಸಬೇಕಾಯಿತು. ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿದೆ. ಹಳೆಯ ರಬ್ಬರ್ ಕೊಳವೆ, ಪಂಪಿನ ಡಯಾಫ್ರಾಮ್, ಬೆಂಡಿನ ಗ್ಯಾಸ್ಕೆಟ್‌ಗಳು ಇದನ್ನು ತಾಳಲಾರವು. ಅಸಲಿ ಎಂಬ ಮೋಹದಿಂದ ಅರವತ್ತು ವರ್ಷ ಹಳೆಯ ಡಯಾಫ್ರಾಮನ್ನು ಹುಡುಕಿ ತಂದು ಕೂರಿಸುವುದು ಬೆಂಕಿಯೊಡನೆ ಸರಸ. ಆಕಾರ ಹಳೆಯದು, ವಸ್ತು ಹೊಸದು ಎಂಬ ನಿಯಮ ಇಲ್ಲಿ ಸರಿ. ಬ್ರೇಕಿನ ವಿಷಯದಲ್ಲಂತೂ ಹಳೆಯ ಸರಕಿಗೆ ನನ್ನ ಮತವಿಲ್ಲ.

ಆದರೆ ಹೊಸದನ್ನು ಹೊಸದೆಂದೇ ಮಾರಬೇಕು. ನಿನ್ನೆ ಎರಕ ಹೊಯ್ದ ದೀಪದ ಬಳೆಗೆ ಆಮ್ಲ ಸವರಿ ಹಳತಾಗಿಸಿ, ಹಳೆಯ ಕಂಪನಿಯ ಡಬ್ಬಿಯಲ್ಲಿಟ್ಟು ನಾಲ್ಕು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಇದು ಗ್ರಾಹಕನಿಗೆ ವಂಚನೆ. ಅದಕ್ಕಿಂತ ಮಿಗಿಲಾಗಿ ಪ್ರಾಮಾಣಿಕವಾಗಿ ನಕಲು ತಯಾರಿಸುವ ಉದ್ಯಮಿಯ ಹೊಟ್ಟೆಯ ಮೇಲೆ ಹೊಡೆತ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಸನ್ನದು ಬದಲಿ ಭಾಗಗಳಿಗೆ ಅಳಿಯದ ಗುರುತು ಹಾಕಲು ಸಲಹೆ ಮಾಡುತ್ತದೆ. ಭಾಗದ ಒಳಮೈಯಲ್ಲಿ ತಯಾರಕನ ಗುರುತು ಮತ್ತು ಇಸವಿಯನ್ನು ಒತ್ತಿದರೆ ಅಂದವೇನೂ ಕೆಡದು.

ಸರ್ಕಾರದ ಕಡೆಗೆ ಬರೋಣ. 2021ರ ಜುಲೈ ತಿಂಗಳ ಕೇಂದ್ರ ಮೋಟಾರು ವಾಹನ ತಿದ್ದುಪಡಿ ನಿಯಮಗಳು 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಹಳೆಯ ನೋಂದಣಿ ಸಂಖ್ಯೆ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ವಾಹನವು ಮೂಲ ರೂಪದಲ್ಲಿರಬೇಕು, ಚಾಸಿಸ್, ಮೈ ಅಥವಾ ಎಂಜಿನ್ನಿನ ಮಾರ್ಪಾಡು ಸೇರಿದಂತೆ ಗಣನೀಯ ದುರಸ್ತಿಗೆ ಒಳಗಾಗಿರಬಾರದು ಎಂಬ ಮಾತು ಅದರಲ್ಲಿದೆ. ಐವತ್ತು ವರ್ಷ ಓಡಿದ ಎಂಜಿನ್ನನ್ನು ಬಿಚ್ಚಿ ಪಿಸ್ಟನ್ ಬದಲಿಸದೆ ಚಲಾಯಿಸುವುದು ಹೇಗೆ? ಮೂಲ ಅಳತೆಗೆ ತಯಾರಾದ ಬದಲಿ ಭಾಗ ಹಾಕುವುದು ಮಾರ್ಪಾಡಲ್ಲ, ಸಂರಕ್ಷಣೆ. ಈ ಭೇದವನ್ನು ನಿಯಮದಲ್ಲಿಯೇ ಸ್ಪಷ್ಟಪಡಿಸದಿದ್ದರೆ ಪರಿಶೀಲನಾ ಸಮಿತಿಯ ಒಬ್ಬ ಸದಸ್ಯರಿಗೆ ಸರಿ ಕಂಡುದು ಇನ್ನೊಬ್ಬರಿಗೆ ತಪ್ಪಾಗಿ ಕಾಣಬಹುದು.

ಐವತ್ತು ತುಂಬದ ವಾಹನಗಳ ಗತಿ ಇನ್ನೂ ಕಷ್ಟ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ದಾಟಿದವುಗಳಿಗೆ ಅದು 10,000 ರೂಪಾಯಿಯಾಯಿತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಸಿಪಾನಿ ಡಾಲ್ಫಿನ್, ಫೈಬರ್ ಗ್ಲಾಸ್ ಮೈಯ ಪುಟ್ಟ ಕಾರು, 2030ರ ದಶಕದಲ್ಲಷ್ಟೇ ವಿಂಟೇಜ್ ಆಗಬಲ್ಲದು. 1983ರ ಡಿಸೆಂಬರ್‌ನಲ್ಲಿ ಹೊರಬಂದ ಮಾರುತಿ 800 ಕೂಡ 2033ರವರೆಗೆ ಕಾಯಬೇಕು. ಫಿವಾ 30 ವರ್ಷಗಳನ್ನೇ ಮಾನದಂಡವಾಗಿ ಇಟ್ಟುಕೊಂಡಿದೆ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಗುಜರಿ ಸೇರುವ ಕಾರುಗಳ ಜೊತೆ ಅವುಗಳ ಬಿಡಿಭಾಗಗಳ ಮಾರುಕಟ್ಟೆಯೂ ಸೊರಗುತ್ತದೆ.

2025ರಲ್ಲಿ 50 ವರ್ಷ ಮೀರಿದ ಕಾರುಗಳ ಆಮದಿಗೆ ಕೇಂದ್ರ ಅನುಮತಿ ನೀಡಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಾಹನ ಬಿಡಿಭಾಗಗಳ ಜಿ.ಎಸ್.ಟಿ. ದರ ಏಕರೂಪವಾಗಿ ಶೇ. 18ಕ್ಕೆ ಇಳಿಯಿತು. ಎರಡೂ ನಮಗೆ ಅನುಕೂಲಕರವೇ. ಹೊರಗಿನಿಂದ ಬರುವ ಪ್ರತಿಯೊಂದು ಕಾರೂ ದುರಸ್ತಿ ಬೇಡುತ್ತದೆ, ಮತ್ತು ಇಲ್ಲಿನ ಕುಶಲಕರ್ಮಿಯ ಕೂಲಿ ಯುರೋಪಿನ ಕೂಲಿಗಿಂತ ಬಹಳ ಕಡಿಮೆ.

ನಮ್ಮ ವಾಣಿಜ್ಯ ಸಂಸ್ಥೆಯು ಈ ವಿಷಯದಲ್ಲಿ ತಡಮಾಡದೆ ಮಾಡಬಹುದಾದ ಕೆಲಸವೊಂದಿದೆ. ಸದಸ್ಯ ಘಟಕಗಳ ಗೋದಾಮುಗಳಲ್ಲಿ ಉಳಿದಿರುವ ಹಳೆಯ ವಾಹನಭಾಗಗಳ ಅಚ್ಚು, ಮಾದರಿ, ನಕ್ಷೆಗಳ ನೋಂದಣಿ ಪುಸ್ತಕವೊಂದನ್ನು ತೆರೆಯಬೇಕು. ಯಾವ ಕಾರಿನ ಯಾವ ಭಾಗ, ಅಚ್ಚಿನ ಸ್ಥಿತಿ ಏನು, ಯಾರ ಬಳಿ ಇದೆ ಎಂಬ ಮೂರು ಅಂಕಣಗಳು ಸಾಕು. ಮುಚ್ಚುವ ಹಂತದಲ್ಲಿರುವ ಘಟಕದವರು ಗುಜರಿಯವರಿಗೆ ಫೋನ್ ಮಾಡುವ ಮೊದಲು ಸಂಸ್ಥೆಯ ಕಚೇರಿಗೆ ಒಂದು ಪತ್ರ ಬರೆಯಲಿ.