ಫೀಡ್‌ನಲ್ಲಿ ಕಾಣುವವರೆಲ್ಲ ನಮಗಿಂತ ಚೆನ್ನಾಗಿ ಆಡುತ್ತಾರೆಯೇ?

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿಗೆ ಮದ್ದೂರು ಇದೆ. ಕಾಡುಪ್ರಾಣಿಗಳ ರಕ್ಷಣೆಗಾಗಿ 2009ರಿಂದ ಈ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಓಡಾಟವಿಲ್ಲ. ರಸ್ತೆ ಸುಮ್ಮನಾದ ಮೇಲೂ ಮನೆಗಳಲ್ಲಿ ಮೊಬೈಲ್‌ಗಳು ಎಚ್ಚರವಾಗಿರುತ್ತವೆ.

ಈ ಊರಿನಲ್ಲಿ ನಮಗೆ ಸಿಕ್ಕ, ಪದವಿ ಓದುತ್ತಿರುವ ಹುಡುಗನೊಬ್ಬ ಗೆಳೆಯರೊಂದಿಗೆ ಬಿಜಿಎಂಐ ಆಡುವುದನ್ನೇ ಬಿಟ್ಟಿದ್ದ. ಯಾಕೆ ಎಂದು ಕೇಳಿದೆವು. "ರೀಲ್ಸ್‌ನಲ್ಲಿ ಆಡೋರ್ ಥರ ನಂಗೆ ಬರಲ್ಲ ಕಣಣ್ಣ. ಈಗ ಸುಮ್ನೆ ನೋಡ್ತೀನಿ, ಅಷ್ಟೇ" ಎಂದ.

ಫೀಡ್‌ನಲ್ಲಿ ಕಾಣುವುದೇ ಆಟಗಾರರ ಬಳಗ, ಅಲ್ಲಿ ಎಲ್ಲರೂ ಹಾಗೆಯೇ ಆಡುತ್ತಾರೆ ಎಂಬ ನಂಬಿಕೆ ಇವನೊಬ್ಬನದಲ್ಲ. ಇದು ಎಷ್ಟು ನಿಜ? ನೋಡೋಣ.

ಜಗಲಿಯ ಮೇಲಿನ ಲೆಕ್ಕ

ಮೊದಲು ನಮಗೆಲ್ಲ ಗೊತ್ತಿರುವ ಚೌಕಾಬಾರ ತೆಗೆದುಕೊಳ್ಳೋಣ. ನಾಲ್ಕು ಕವಡೆ ಹಾಕುತ್ತೇವೆ. ಸಾಮಾನ್ಯವಾಗಿ ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ, ಸರಾಸರಿ 16 ಸಲಕ್ಕೊಮ್ಮೆ ಚೌಕ, 16 ಸಲಕ್ಕೊಮ್ಮೆ ಬಾರ. ಉಳಿದ 14 ಸಲ ಬರುವುದು ಒಂದೋ ಎರಡೋ ಮೂರೋ.

ಜಗಲಿಯ ಮೇಲೆ ಕೂತವರಿಗೆ ಈ ಹದಿನಾರೂ ಕಾಣುತ್ತವೆ. ಅಜ್ಜಿಯ ಕಾಯಿ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಹೊಡೆತ ತಿಂದದ್ದೂ ಕಾಣುತ್ತದೆ. ಹಾಗಾಗಿ ಸೋತವರಿಗೆ ನಾಚಿಕೆಯಾಗುವುದಿಲ್ಲ. ಎಲ್ಲರೂ ಸೋಲುವುದನ್ನು ಎಲ್ಲರೂ ನೋಡಿರುತ್ತಾರೆ. ಈಗ ಯಾರೋ ಒಬ್ಬರು ಚೌಕ, ಬಾರ ಬಿದ್ದ ಗಳಿಗೆಗಳನ್ನಷ್ಟೇ ಕತ್ತರಿಸಿ, ಒಂದರ ಹಿಂದೊಂದು ಜೋಡಿಸಿ ನಿಮಗೆ ತೋರಿಸಿದರು ಎಂದುಕೊಳ್ಳಿ. ನಿಮ್ಮ ಕೈಗುಣವೇ ಸರಿಯಿಲ್ಲ ಎನಿಸದೆ ಇರುತ್ತದೆಯೇ?

ಫೀಡ್ ಮಾಡುವುದೂ ಇದನ್ನೇ

ಫೇಸ್‌ಬುಕ್ ನ್ಯೂಸ್ ಫೀಡ್ ಶುರು ಮಾಡಿದ್ದು 2006ರಲ್ಲಿ. ಇನ್‌ಸ್ಟಾಗ್ರಾಂನಲ್ಲಿ 2016ರವರೆಗೂ ಪೋಸ್ಟುಗಳು ಹಾಕಿದ ಹೊತ್ತಿನ ಪ್ರಕಾರ ಬರುತ್ತಿದ್ದವು. ಆಮೇಲೆ ಕ್ರಮವನ್ನು ಅಲ್ಗಾರಿದಂ ತೀರ್ಮಾನಿಸತೊಡಗಿತು. ನೀವು ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೀರಿ, ಯಾವುದಕ್ಕೆ ಲೈಕ್ ಒತ್ತುತ್ತೀರಿ, ಯಾವುದನ್ನು ಹಂಚುತ್ತೀರಿ ಎಂದು ಅಂದಾಜು ಮಾಡಿ ಅದನ್ನು ಮೇಲಕ್ಕೆ ತರುವುದು ಅದರ ಕೆಲಸ.

ನಮ್ಮಲ್ಲಿ 2020 ದೊಡ್ಡ ತಿರುವು. ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್‌ಗೂ ನಿಷೇಧ. 2021ರ ಜುಲೈನಲ್ಲಿ ಅದು ಬಿಜಿಎಂಐ ಆಗಿ ಮರಳುವ ಹೊತ್ತಿಗೆ ಕಿರು ವೀಡಿಯೊಗಳ ಕಾಲ ಬಂದಾಗಿತ್ತು. ಅರ್ಧ ಗಂಟೆಯವರೆಗೂ ನಡೆಯುವ ಆಟದಿಂದ ಅರ್ಧ ನಿಮಿಷ ಆರಿಸಬೇಕಾದರೆ ಯಾರೂ ಸೋಲನ್ನು ಆರಿಸುವುದಿಲ್ಲ.

ಇಪ್ಪತ್ತೈದರಲ್ಲಿ ಒಂದು

ಬಿಜಿಎಂಐನ ದೊಡ್ಡ ಮ್ಯಾಪ್‌ನಲ್ಲಿ 100 ಆಟಗಾರರು ಇಳಿಯುತ್ತಾರೆ. ನಾಲ್ವರ ತಂಡವಾದರೆ 25 ತಂಡ, ಗೆಲ್ಲುವುದು ಒಂದೇ. ಎಲ್ಲ ತಂಡಗಳೂ ಸಮಬಲದವು ಎಂದುಕೊಂಡರೂ ನಿಮ್ಮ ತಂಡ 25 ಆಟದಲ್ಲಿ 24 ಸೋಲುವುದೇ ಸರಾಸರಿ. 20 ಆಟ ಆಡಿ ಒಂದನ್ನೂ ಗೆಲ್ಲದೆ ಇರುವ ಸಾಧ್ಯತೆ ಸುಮಾರು ಶೇ 44. ಅಂದರೆ ಅದು ದಡ್ಡತನದ ಗುರುತಲ್ಲ, ಲೆಕ್ಕದಲ್ಲಿ ಬರಬೇಕಾದದ್ದೇ.

ಬಳಗ ಹೋಗಿ ಪ್ರೇಕ್ಷಕರಾದಾಗ

ಇದಕ್ಕಿಂತ ಸದ್ದಿಲ್ಲದ ಬದಲಾವಣೆ ಇನ್ನೊಂದಿದೆ. "ಇವತ್ತು ಎಂಟು ಗಂಟೆಗೆ ಯಾರು ಬರ್ತೀರಾ?" ಆಟದ ಬಳಗವೊಂದು ಉಳಿಯುವುದು ಇಂಥ ಮಾತಿನಿಂದ. ಇದು ಬೇಕಾಗಿರುವುದು ನಾಲ್ಕೈದು ಜನಕ್ಕೆ ಮಾತ್ರ. ಸಾವಿರಾರು ಜನರ ಗಮನ ಹುಡುಕುವ ಫೀಡ್‌ನಲ್ಲಿ ಇಂಥ ಪೋಸ್ಟ್ ಕೆಳಗೆ ಜಾರುತ್ತದೆ. ಕಂಡರೂ ಮಾರನೆಯ ದಿನ ಕಾಣಬಹುದು.

2022ರ ಜುಲೈನಲ್ಲಿ ಬಿಜಿಎಂಐ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು. ಮರಳಿದ್ದು 2023ರ ಮೇನಲ್ಲಿ. ಆ ನಡುವೆ, ಒಬ್ಬರಿಗೊಬ್ಬರು ಗೊತ್ತಿದ್ದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದವರು ಜೊತೆಯಾಗಿ ಬೇರೆ ಆಟಕ್ಕೆ ಹೋಗಬಹುದಿತ್ತು. ಒಂದೇ ಆಟಗಾರನ ವೀಡಿಯೊ ನೋಡುತ್ತಿದ್ದ ಲಕ್ಷ ಜನಕ್ಕೆ ಆ ದಾರಿ ಇರಲಿಲ್ಲ. ಅವರಿಗೆ ಪರಸ್ಪರ ಪರಿಚಯವೇ ಇರಲಿಲ್ಲ.

ಹಾಗಾದರೆ ಫೀಡ್ ಕೆಟ್ಟದ್ದೇ?

ಹಾಗೇನಿಲ್ಲ. ಹೊಸ ಆಟದ ಪರಿಚಯಕ್ಕೆ ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳಲ್ಲಿ ಪಗಡೆ, ಚೌಕಾಬಾರ, ಅಳಗುಳಿ ಮಣೆಗಳನ್ನು ಮತ್ತೆ ಜನರ ಮುಂದೆ ತಂದಿದೆ. ಅಂಥ ಆಟದ ವೀಡಿಯೊ ದೂರದ ಊರಿನ ಮಗುವಿಗೂ ತಲುಪಬಹುದು. ಆದರೆ ಮಣೆಯ ಮುಂದೆ ಇನ್ನೊಬ್ಬರು ಬಂದು ಕೂರುವ ತನಕ ಅದು ಆಟವಾಗುವುದಿಲ್ಲ.

ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಗೆಲುವನ್ನಷ್ಟೇ ನೋಡಿ ಅಭ್ಯಾಸವಾದ ಕಣ್ಣಿಗೆ "ಇಷ್ಟು ಹಾಕಿ ಅಷ್ಟು ಗೆದ್ದೆ" ಎಂಬ ವೀಡಿಯೊ ಸಹಜವಾಗಿಯೇ ಕಾಣುತ್ತದೆ. ಅದರಲ್ಲಿ ಕಳೆದುಕೊಂಡವರು ಇರುವುದಿಲ್ಲ.

ನಾವು ಮಾಡಬಹುದಾದದ್ದು

- ಇನ್‌ಸ್ಟಾಗ್ರಾಂನಲ್ಲಿ 'ಫಾಲೋಯಿಂಗ್' ಆರಿಸಿಕೊಂಡರೆ ನೀವು ಅನುಸರಿಸುವವರ ಪೋಸ್ಟುಗಳು ಹೊತ್ತಿನ ಕ್ರಮದಲ್ಲಿ ಬರುತ್ತವೆ.
- ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿಯನ್ನು ಅಳಿಸಿ ನಿಲ್ಲಿಸಿದರೆ ಮುಖಪುಟದ ಶಿಫಾರಸುಗಳ ಕಾಟ ತಪ್ಪುತ್ತದೆ.
- ಆಡುವವರದ್ದೇ ಒಂದು ಚಿಕ್ಕ ಗುಂಪು ಇರಲಿ. ಅದರಲ್ಲಿ ಸೋಲಿನ ವೀಡಿಯೊಗಳನ್ನೂ ಹಾಕಿ.

ಮದ್ದೂರಿನ ಆ ಹುಡುಗನಿಗೆ ನಾವು ಹೇಳಿದ್ದು ಒಂದೇ: ಗೆಳೆಯರ ಜೊತೆ ಮತ್ತೆ ಆಡು, ಆಡಿದ ಪ್ರತಿ ಆಟವನ್ನೂ ಬರೆದಿಡು. ಎರಡು ವಾರದ ಮೇಲೆ ಪಟ್ಟಿ ತೋರಿಸಿದ. 30 ಆಟ, 2 ಗೆಲುವು. ಇಷ್ಟರಿಂದ ಯಾರ ಜಾಣತನವನ್ನೂ ಅಳೆಯಲಾಗದು. ಆಟ ಬರುವುದಿಲ್ಲ ಎಂಬುದಕ್ಕಂತೂ ಇದು ಸಾಕ್ಷಿಯಲ್ಲ. "ಇಪ್ಪತ್ತೈದಕ್ಕೆ ಒಂದು ಅಂದ್ರಲ್ಲ ಅಣ್ಣ, ಹಂಗಾದ್ರೆ ನಾವು ಪರವಾಗಿಲ್ಲ ಅಲ್ವಾ?" ಎಂದು ನಕ್ಕ. ಹಿಂದಿನ ಸಲ "ನಾನು" ಎಂದಿದ್ದವನು ಈ ಸಲ "ನಾವು" ಎಂದಿದ್ದ.