ಅಪ್ಪನ ನುಡಿ, ನನ್ನ ಕ್ರೋಮ್‌ಬುಕ್

ಕಳೆದ ದಸರಾಕ್ಕೆ ಹಾಸನಕ್ಕೆ ಹೋಗುವಾಗ ಅಪ್ಪನಿಗೆ ಅಂತ ಒಂದು ಕ್ರೋಮ್‌ಬುಕ್ ತಗೊಂಡು ಹೋಗಿದ್ದೆ. ಅವರ ಹಳೇ ಕಂಪ್ಯೂಟರ್ ಆನ್ ಆಗೋಷ್ಟರಲ್ಲಿ ಅಮ್ಮ ಕಾಫಿ ಮಾಡಿ ತಂದುಬಿಡ್ತಿದ್ದರು. ಇದು ಹಾಗಲ್ಲ, ಮುಚ್ಚಳ ತೆಗೆದರೆ ರೆಡಿ. ಹಗುರ, ಬೆಲೆಯೂ ಕಡಿಮೆ. ನಾನೇ ಎರಡು ವರ್ಷದಿಂದ ಮನೇಲಿ ಬಳಸ್ತಿದ್ದೀನಿ. ಮೇಲ್, ಯೂಟ್ಯೂಬ್, ಬ್ಯಾಂಕು, ತಿಂಗಳ ಲೆಕ್ಕ ಎಲ್ಲ ಬ್ರೌಸರ್‌ನಲ್ಲೇ. ಅಪ್ಪನಿಗೆ ಇನ್ನೇನು ಬೇಕು ಅಂದುಕೊಂಡೆ. ಅವರನ್ನ ಕೇಳಲೇ ಇಲ್ಲ.

ಮಾರನೇ ದಿನ ಬೆಳಗ್ಗೆ ಅಪ್ಪ ಪೆನ್‌ಡ್ರೈವ್ ಹಾಕಿ ಕೂತಿದ್ದರು. "ಏನಮ್ಮಾ ಇದು, ನನ್ನ ಕನ್ನಡ ಎಲ್ಲಿ ಹೋಯ್ತು?"

ನೋಡಿದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಚುಕ್ಕಿ, ಗೀಟು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಅಪ್ಪ ಊರವರಿಗೆ ಪಿಂಚಣಿ, ಪಹಣಿ ತಿದ್ದುಪಡಿ ಅಂತ ಅರ್ಜಿ ಬರೆದುಕೊಡ್ತಾರೆ. ಜೊತೆಗೆ ನಮ್ಮ ಮನೆತನದ ಚರಿತ್ರೆ, 120 ಪುಟ. ಎಲ್ಲವೂ ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು.

ಆ ಕಾಲದ ನುಡಿ ಫೈಲಿನೊಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ನುಡಿ ಫಾಂಟ್ ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಗೂಗಲ್ ಡಾಕ್ಸ್‌ಗೆ ನಮ್ಮ ಫಾಂಟ್ ಸೇರಿಸೋಕಾಗಲ್ಲ. ನುಡಿಯನ್ನೇ ಹಾಕೋಣ ಅಂದರೆ ಅದು ವಿಂಡೋಸ್‌ಗೆ ಮಾಡಿದ್ದು. ಕ್ರೋಮ್‌ಓಎಸ್‌ನಲ್ಲಿ ಅದರ ಸೆಟಪ್ ಫೈಲ್ ಎಷ್ಟು ಸಲ ಒತ್ತಿದರೂ ಅಲುಗಾಡಲ್ಲ. ಇಂಜಿನಿಯರಿಂಗ್ ಓದಿದ ಮಗಳಿಗೆ ಇದು ಹೊಳೆದಿರಲಿಲ್ಲ ನೋಡಿ.

ಚರಿತ್ರೆಯನ್ನು ಯೂನಿಕೋಡ್‌ಗೆ ಪರಿವರ್ತಿಸಿದೆ. ಒತ್ತಕ್ಷರಗಳು ಅಲ್ಲಲ್ಲಿ ಎಡವಿದ್ದವು. ತಿದ್ದುತ್ತಾ ಕೂತಾಗ ಮುತ್ತಜ್ಜಿಯ ಹೆಸರನ್ನ ಮೊದಲ ಸಲ ಓದಿದೆ. ಆದರೆ ಅರ್ಜಿಗಳ ಕಥೆ ಬೇರೆ. ಅಪ್ಪನ ಬೆರಳಿಗೆ ನುಡಿಯೇ ರೂಢಿ, ಪ್ರಿಂಟ್ ಹಾಕೋ ಅಂಗಡಿಯಲ್ಲೂ ನುಡಿ ಫೈಲೇ ನಡೆಯೋದು.

ಈಗ ಯಾರಾದರೂ "ಕ್ರೋಮ್‌ಬುಕ್ ತಗೋಬಹುದಾ?" ಅಂದರೆ, ಒಂದು ವಾರ ಈಗಿರೋ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಬಿಟ್ಟು ಬೇರೇನೂ ತೆರೀಬೇಡಿ ಅಂತೀನಿ. ಎಲ್ಲಿ ಕೆಲಸ ನಿಂತಿತೋ ಬರೆದಿಡಿ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವೇ ಹೊಟ್ಟೆಪಾಡಾಗಿದ್ದರೆ ಬೇಡ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಮೊದಲೇ ವಿಚಾರಿಸಿ. ನೆಟ್ ಇಲ್ಲದಿದ್ದರೆ ಡಬ್ಬ ಅನ್ನೋದು ಮಾತ್ರ ಪೂರ್ತಿ ನಿಜವಲ್ಲ. ಡಾಕ್ಸ್‌ನಲ್ಲಿ ಆಫ್‌ಲೈನ್ ಆನ್ ಮಾಡಿಟ್ಟರೆ ಬಸ್ಸಲ್ಲೂ ಬರೀಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅಪ್‌ಡೇಟ್ ನಿಲ್ಲುವ ದಿನಾಂಕ ನೋಡಲೇಬೇಕು. 2021ರಿಂದ ಈಚೆ ಬಂದ ಮಾದರಿಗಳಿಗೆ ಗೂಗಲ್ 10 ವರ್ಷ ಅಪ್‌ಡೇಟ್ ಕೊಡುತ್ತೆ. ಆದರೆ ಲೆಕ್ಕ ಶುರುವಾಗೋದು ಆ ಮಾದರಿ ಬಂದಾಗಿನಿಂದ, ನೀವು ಕೊಂಡ ದಿನದಿಂದಲ್ಲ.

ಆ ಕ್ರೋಮ್‌ಬುಕ್ ಈಗ ಅಮ್ಮನದು. ಅಡುಗೆ ವಿಡಿಯೊ, ತಂಗಿ ಜೊತೆ ವಿಡಿಯೊ ಕಾಲ್, ಇಷ್ಟೇ ಬೇಕಿದ್ದವರು ಮನೇಲಿ ಅವರೊಬ್ಬರೇ. ಅಪ್ಪನ ಹಳೇ ಕಂಪ್ಯೂಟರ್‌ಗೆ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಈಗ ಕಾಫಿ ಬರೋ ಮೊದಲೇ ನುಡಿ ತೆರೆದುಕೊಂಡಿರುತ್ತೆ.